ಕುಡಿಕೆ ಒಲ್ಲೆನೆಂದ ದೊಡ್ಡ ಬಾಯಾರು

ಕಳೆದ ತಿಂಗಳು ಒಂದು ಮುಂಜಾನೆ ಫೋನ್ ಬಂತು. ದೊಡ್ಡ ಬಾಯಾರ ತಮ್ಮನ ಮಗಳು. "ಅತ್ತಿ ಹೋದ್ರು ರೀ" ಎಂದಳು. ರಾತ್ರಿ ಮಲಗಿದವರು ಏಳಲಿಲ್ಲವಂತೆ. ಹಿಂದಿನ ಸಂಜೆಯಷ್ಟೇ ಓಣಿಯ ಗಟಾರಕ್ಕೆ ಕಸ ಸುರಿದ ಮನೆಯವರ ಜೊತೆ ಬಾಗಿಲಲ್ಲಿ ನಿಂತು ಜೋರಾಗಿ ಜಗಳವಾಡಿದ್ದರಂತೆ. ವಯಸ್ಸು ಎಂಬತ್ತು ದಾಟಿತ್ತು. ಅಳುತ್ತಿದ್ದ ನನಗೆ ಆ ಜಗಳದ ಮಾತು ಕೇಳಿ ನಗು ಬಂತು.

ಅವರ ಹೆಸರನ್ನು ಇಲ್ಲಿ ಹಾಕುವುದಿಲ್ಲ. ಹಾಕಿದ್ದರೆ, "ನನ್ನ ಹೆಸರ ಎದಕ್ಕ ಬೇಕಿತ್ತು ನಿನಗ?" ಎಂದು ಬೈಯುತ್ತಿದ್ದರು. ನಮ್ಮ ಕಡೆ ನರ್ಸಮ್ಮನಿಗೆ ಬಾಯಾರು ಎನ್ನುತ್ತಾರೆ. ಎಪ್ಪತ್ತರ ದಶಕದ ಆರಂಭದಲ್ಲಿ ಸವದತ್ತಿಯಿಂದ ರಾಮದುರ್ಗಕ್ಕೆ ಹೋಗುವ ರಸ್ತೆಯ ಒಂದು ಊರಿನಲ್ಲಿ ನಾವಿಬ್ಬರೂ ಒಂದೇ ಮನೆಯಲ್ಲಿದ್ದ ಸರ್ಕಾರಿ ನರ್ಸುಗಳು. ಅವರು ಹಿರಿಯರು, ಹಾಗಾಗಿ ದೊಡ್ಡ ಬಾಯಾರು. ನಾನು ಬೈಲಹೊಂಗಲದ ಮನೆ ಬಿಟ್ಟು ಆಗಷ್ಟೇ ಕೆಲಸಕ್ಕೆ ಬಂದವಳು, ಸಣ್ಣ ಬಾಯಾರು. ಅವರ ಗಂಟಲು ಎಷ್ಟು ದೊಡ್ಡದೆಂದರೆ, ಕೇಳಿದವರಿಗೆ ಆ ಹೆಸರು ಯಾವ ಬಾಯಿಂದ ಬಂದದ್ದೆಂದು ಅನುಮಾನವಾಗುತ್ತಿತ್ತು. ಬಸ್ಸು ಹೊರಟುಬಿಟ್ಟಿದ್ದರೂ ಹೊಲದ ಬದುವಿನಿಂದಲೇ "ಏ ಕಂಡಕ್ಟರಾ" ಎಂದು ಕೂಗಿ ನಿಲ್ಲಿಸುತ್ತಿದ್ದರು.

ಎತ್ತರದ ಹೆಂಗಸು. ಸೀರೆಯನ್ನು ಮೊಣಕಾಲ ಹತ್ತಿರಕ್ಕೆ ಎತ್ತಿ ಸಿಕ್ಕಿಸಿ ಗಂಡಸರ ಹಾಗೆ ಬೀಸಾಗಿ ನಡೆಯುತ್ತಿದ್ದರು. ಹಲ್ಲಿ ಕಂಡರೆ ಮಾತ್ರ ಮಂಚ ಹತ್ತುತ್ತಿದ್ದರು. ರೊಟ್ಟಿ ಬಡಿದರೆ ಹಲಗೆಯಂತೆ ದಪ್ಪ, ಅದನ್ನು ನಾನು ಹೇಳಿದರೆ ಸಿಟ್ಟು. ಚೌಕಾಬಾರಾ ಆಡುವಾಗ ಕವಡೆಯನ್ನು ಬೆರಳ ತುದಿಯಿಂದ ಮೆಲ್ಲಗೆ ಮಗುಚಿ ಮೋಸ ಮಾಡುತ್ತಿದ್ದರು. ಹಿಡಿದರೆ, "ನಿನ್ನ ಕಣ್ಣ ಚಲೋ ಅದಾವಿಲ್ಲೋ ಅಂತ ನೋಡಿದೆ" ಎನ್ನುತ್ತಿದ್ದರು. ಆದರೆ ಹೆರಿಗೆಗೆ ಕರೆ ಬಂದರೆ ಆಟ, ಊಟ, ಸಿಟ್ಟು ಎಲ್ಲ ಅಲ್ಲೇ ಬಿಟ್ಟು ಎದ್ದುಬಿಡುವರು. ಹೆರುವ ಹೆಂಗಸಿನ ಹಣೆಯ ಮೇಲೆ ಕೈಯಿಟ್ಟು ಅಷ್ಟು ದೊಡ್ಡ ಗಂಟಲಿನಿಂದ ಅಷ್ಟು ಸಣ್ಣ ದನಿ ಹೇಗೆ ತೆಗೆಯುತ್ತಿದ್ದರೋ ನನಗೆ ಇಂದಿಗೂ ತಿಳಿಯದು.

ಒಮ್ಮೆ ರಜೆಗೆ ನಮ್ಮ ಬೈಲಹೊಂಗಲದ ಮನೆಗೆ ಬಂದಿದ್ದರು. ನನ್ನ ಆಯಿ, ಅಂದರೆ ತಂದೆಯ ತಾಯಿ, ಪಡಸಾಲೆಯಲ್ಲಿ ಕೂತು ಕೇಳಿದಳು. "ನೀವು ಯಾವ ಪೈಕಿ ಅವ್ವಾ?"

"ನಾವು ಬೌದ್ಧ ರೀ ಆಯಿ."

"ಬೌದ್ಧ? ಅದ್ಯಾವ ಕಡಿ ಊರು?"

ದೊಡ್ಡ ಬಾಯಾರು ನಗಲಿಲ್ಲ. "ಭಾಳ ದೂರ ಏನಿಲ್ರೀ. ನಮ್ಮಪ್ಪ ಒಂದ ದಿನದಾಗ ಹೋಗಿ ಮುಟ್ಟಿದ" ಎಂದರು. ಆಯಿ ಒಪ್ಪಿ ತಲೆಯಾಡಿಸಿದಳು. ಅವರ ತಂದೆ ಊರಾಚೆಯ ಕೇರಿಯ ಬದುಕನ್ನು ಬಿಟ್ಟು ಬೌದ್ಧರಾದದ್ದು, ಮಗಳನ್ನು ಓದಿಸಿ ನರ್ಸು ಮಾಡಿದ್ದು ನನಗೆ ಗೊತ್ತಿತ್ತು. ಅವರ ಕೋಣೆಯ ಗೋಡೆಯಲ್ಲಿ ಬುದ್ಧನ ಒಂದು ಚಿತ್ರವಿತ್ತು. ದಿನವೂ ಅದರ ಗಾಜು ಒರೆಸುತ್ತಿದ್ದರು.

ಇಷ್ಟು ಅವರ ಪರಿಚಯ. ಇನ್ನು ಕುಡಿಕೆಯ ವಿಚಾರ.

ನಾವು ಕೆಲಸಕ್ಕಿದ್ದ ಊರಿನಲ್ಲಿ ಬಸ್ಸು ನಿಲ್ಲುವ ಕಡೆ ಗುರಪ್ಪನೆಂಬವನ ಚಾದ ಹೋಟೆಲಿತ್ತು. ತಗಡಿನ ಚಪ್ಪರ, ಎರಡು ಬಾಕು, ಎದುರಿಗೆ ಒಂದು ಬೇವಿನ ಮರ. ಬಾಕಿನ ಮೇಲೆ ಕೂತವರಿಗೆ ಗಾಜಿನ ಗ್ಲಾಸಿನಲ್ಲಿ ಚಾ. ಕೇರಿಯವರು ಬಂದರೆ ಬೇವಿನ ಮರದ ಕೆಳಗೆ ನಿಲ್ಲಬೇಕು. ಅವರಿಗೆ ಮಣ್ಣಿನ ಕುಡಿಕೆ. ಗುರಪ್ಪ ಮೇಲಿಂದ ಚಾ ಸುರಿಯುವನು, ಅವರು ಕುಡಿದು ಕುಡಿಕೆಯನ್ನು ರಸ್ತೆಯಾಚೆಗೆ ಎಸೆಯಬೇಕು. ಹಾಗೆ ಎಸೆದೆಸೆದು ಅಲ್ಲಿ ಕುಡಿಕೆಯ ಚೂರುಗಳ ಒಂದು ದಿಬ್ಬವೇ ಆಗಿತ್ತು. ಅದು ಉರುಳಿ ರಸ್ತೆಗೂ ಮೋರಿಗೂ ಹರಡಿತ್ತು. ಆ ಕಾಲದಲ್ಲಿ ಚಪ್ಪಲಿ ಎಷ್ಟು ಜನರ ಕಾಲಲ್ಲಿ ಇರುತ್ತಿತ್ತು? ನಮ್ಮ ದವಾಖಾನೆಗೆ ಅಂಗಾಲು ಕೊಯ್ದುಕೊಂಡು ಬರುವವರು ಯಾವಾಗಲೂ ಇರುತ್ತಿದ್ದರು.

ನಾನು ಬಂದ ಹೊಸದರಲ್ಲಿ ಒಂದು ಸಂಜೆ ಇಬ್ಬರೂ ಬಸ್ಸಿಳಿದೆವು. ನಾನು ಬಾಕಿನ ಮೇಲೆ ಕೂತೆ. ದೊಡ್ಡ ಬಾಯಾರು ಕೂರದೆ ಚೀಲದಿಂದ ತಮ್ಮದೇ ಒಂದು ಸ್ಟೀಲ್ ಗ್ಲಾಸು ತೆಗೆದು ಮುಂದೆ ಹಿಡಿದರು. ಗುರಪ್ಪ ಅದಕ್ಕೆ ಎತ್ತರದಿಂದ ಚಾ ಸುರಿದ. ನರ್ಸು ಅಲ್ಲವೇ, ಸ್ವಚ್ಛತೆಗೆಂದು ಸ್ವಂತ ಗ್ಲಾಸು ಇಟ್ಟುಕೊಂಡಿದ್ದಾರೆ ಎಂದುಕೊಂಡೆ. ಮನೆಗೆ ಹೋಗುವಾಗ ಅದನ್ನೇ ಹೇಳಿದೆ. ನಾನೂ ಒಂದು ತಂದುಕೊಳ್ಳುತ್ತೇನೆ ಎಂದೆ.

ಅವರು ನಿಂತುಬಿಟ್ಟರು. "ಹುಚ್ಚಿ, ಸ್ವಚ್ಛಕ್ಕ ಅಲ್ಲ ಅದು. ನಾ ಬಂದ ಮೊದಲನೇ ದಿನಾನ ಗುರಪ್ಪಣ್ಣ ನನ್ನ ಕುಲಾ ಕೇಳಿ ಕುಡಿಕಿ ಮುಂದ ಮಾಡಿದ. ಕುಡದ ಮ್ಯಾಲ ಹೊರಗ ಒಗಿಯೂ ಸಾಮಾನಿನಾಗ ನಾ ಕುಡಿಯಂಗಿಲ್ಲ. ಅದನ್ನ ಒಗದಾಗ ನನ್ನೂ ಒಗದಂಗ ಅನಸ್ತೈತಿ."

"ಮತ್ತ ಅವನ ಹೆಂಡ್ತಿ ಹೆರಿಗಿ ಮಾಡಿಸಿದವರು ನೀವ ಅಲ್ರೀ?"

"ಹೂಂ. ಆವಾಗ ಕುಲಾ ಕೇಳಲಿಲ್ಲ" ಎಂದು ನಕ್ಕು ಮುಂದೆ ನಡೆದರು.

ದಾರಿಯಲ್ಲಿ ಕುಡಿಕೆಯ ಚೂರು ಕಂಡರೆ ಬಗ್ಗಿ ಹೆಕ್ಕಿ ಹಳ್ಳಕ್ಕೆ ಹಾಕುವುದು ಅವರ ಅಭ್ಯಾಸ. ಹೆಕ್ಕಿದಷ್ಟೂ ಮರುದಿನ ಹೊಸದು ಬಿದ್ದಿರುತ್ತಿತ್ತು. "ಹಿಂಗ ಆರಿಸಿದ್ರ ಎಂದಿಗೂ ಮುಗಿಯಂಗಿಲ್ಲ ರೀ" ಎಂದು ನಾನೊಮ್ಮೆ ಹೇಳಿದ್ದಕ್ಕೆ, "ಮುಗಸೂದು ಹೆಂಗ ಅಂತನ ವಿಚಾರ ಮಾಡಾಕತ್ತೇನಿ. ಕೈ ಸುಮ್ಮ ಯಾಕ ಇರಬೇಕು?" ಎಂದಿದ್ದರು.

ಒಂದು ಮಳೆಗಾಲ ಸುತ್ತಲ ಹಳ್ಳಿಗಳಲ್ಲಿ ವಾಂತಿಭೇದಿ ಹಬ್ಬಿತು. ತಾಲೂಕಿನ ಡಾಕ್ಟರು ಜೀಪಿನಲ್ಲಿ ಬಂದು ಬಾವಿಗಳಿಗೆ ಪುಡಿ ಹಾಕಿಸಿದರು. ಒಬ್ಬರು ಕುಡಿದ ಗ್ಲಾಸು ಇನ್ನೊಬ್ಬರಿಗೆ ಕೊಡಕೂಡದು, ರೋಗ ಇಳಿಯುವ ತನಕ ಹೋಟೆಲಿನಲ್ಲಿ ಎಲ್ಲರಿಗೂ ಮಣ್ಣಿನ ಕುಡಿಕೆಯಲ್ಲೇ ಚಾ ಕೊಡಬೇಕು ಎಂದು ಗುರಪ್ಪನಿಗೆ ಕಟ್ಟಪ್ಪಣೆ ಮಾಡಿದರು. ಅವರ ಉದ್ದೇಶ ಒಳ್ಳೆಯದೇ. ಗಾಜಿನ ಗ್ಲಾಸುಗಳು ಹಲಗೆ ಹತ್ತಿದವು. ಕುಂಬಾರ ಬಸವ್ವನ ಮಡಕೆ ಸುಡುವ ಆವಿಗೆ ಆರದೆ ಉರಿಯತೊಡಗಿತು. ಅವಳು ಗಂಡ ಸತ್ತ ಮೇಲೆ ಒಬ್ಬಳೇ ತಿಗರಿ ತಿರುಗಿಸಿ ಬದುಕುತ್ತಿದ್ದವಳು. ಊರ ಗೌಡರಿಂದ ಹಿಡಿದು ಎಲ್ಲರೂ ಕುಡಿಕೆಯಲ್ಲಿ ಚಾ ಕುಡಿದು ರಸ್ತೆಗೆಸೆದರು.

ರಸ್ತೆಯ ಗ್ಯಾಂಗಿನಲ್ಲಿ ದುಡಿಯುತ್ತಿದ್ದ ದುರ್ಗಪ್ಪ ಕೇರಿಯ ಹಿರಿಯ. ಬೇವಿನ ಮರದ ಕೆಳಗೆ ನಿಂತು ಇದನ್ನೆಲ್ಲ ನೋಡಿ ದೊಡ್ಡ ಬಾಯಾರಿಗೆ ಹೇಳಿದ. "ನೋಡ್ರಿ ಬಾಯಾರ, ಬ್ಯಾನಿ ಒಂದ ಬಂತು, ಊರ ಮಂದಿ ಎಲ್ಲಾ ನಮ್ಮ ಪೈಕಿ ಆದ್ರು."

ಅವರಿಬ್ಬರೂ ನಕ್ಕದ್ದು ಹೋಟೆಲಿನ ಒಳಗೂ ಕೇಳಿಸಿತು.

ನಗು ಬಹಳ ದಿನ ಉಳಿಯಲಿಲ್ಲ. ಕೇರಿಯವರಷ್ಟೇ ಎಸೆಯುತ್ತಿದ್ದಾಗ ದಿಬ್ಬವಾಗಿದ್ದದ್ದು ಈಗ ಊರಿಗೆ ಊರೇ ಎಸೆಯುವಾಗ ರಸ್ತೆಯನ್ನೇ ಮುಚ್ಚಿಬಿಟ್ಟಿತು. ಮೋರಿ ಕಟ್ಟಿ ನೀರು ನಿಂತಿತು. ಅರೆಬರೆ ಒಡೆದ ಕುಡಿಕೆಗಳಲ್ಲಿ ಚಾದ ಗಸಿ, ಮಳೆನೀರು, ಅದರ ಮೇಲೆ ನೊಣ. ಎತ್ತುಗಳ ಗೊರಸಿಗೆ ಚೂರು ನಟ್ಟು ರೈತರು ಗುರಪ್ಪನ ಜೊತೆ ಜಗಳಕ್ಕೆ ನಿಂತರು. ಆಗಲೇ ಒಂದು ದಿನ ಮೇವಿನ ಹೊರೆ ಹೊತ್ತು ಆ ನಿಂತ ನೀರು ದಾಟುತ್ತಿದ್ದ ದುರ್ಗಪ್ಪನ ಹೆಂಡತಿಯ ಅಂಗಾಲನ್ನು ಚೂರೊಂದು ಸೀಳಿತು. ಅವಳು ಅರಿಶಿನ ಮೆತ್ತಿಕೊಂಡು ಸುಮ್ಮನಿದ್ದಳು. ನಮಗೆ ಸುದ್ದಿ ಬಂದಾಗ ಕಾಲು ಮೊಣಕಾಲ ತನಕ ಬಾತಿತ್ತು, ಜ್ವರದಲ್ಲಿ ತೊದಲುತ್ತಿದ್ದಳು.

ದೊಡ್ಡ ಬಾಯಾರು ಅವಳನ್ನು ಮುಟ್ಟಿ ನೋಡಿದವರೇ ರಸ್ತೆಗೆ ಓಡಿ ರಾಮದುರ್ಗದ ಬಸ್ಸಿಗೆ ಅಡ್ಡ ನಿಂತರು. ಮುಂದಿನ ಸೀಟಿನವರನ್ನು ಎಬ್ಬಿಸಿ ಅವಳನ್ನು ಮಲಗಿಸಿ ದೊಡ್ಡ ಆಸ್ಪತ್ರೆಗೆ ಕರೆದೊಯ್ದರು. ಅವಳು ಕಣ್ಣು ಬಿಟ್ಟು ಗಂಜಿ ಕೇಳುವ ತನಕ ಅಲ್ಲಿಂದ ಕದಲಲಿಲ್ಲ. ಕಾಲು ಉಳಿಯಿತು. ಹಿಂತಿರುಗಿದಾಗ ಬಾಯಾರ ಕಣ್ಣುಗಳು ಕೆಂಪಗಿದ್ದವು. ಮುಖ ತೊಳೆದು ಬಂದು, "ಇನ್ನ ಸಾಕು. ಈ ಕುಡಿಕಿ ಬ್ಯಾನಿ ತಡಿಯೂದಲ್ಲ, ತರೂದು" ಎಂದರು.

ಮರುದಿನವೇ ಡಾಕ್ಟರ ಬಳಿ ಹೋಗಿ ಮಾತಾಡಿದರು. ಹೋಟೆಲಿನಲ್ಲಿ ಒಂದು ದೊಡ್ಡ ಹಂಡೆ ಇಟ್ಟು ನೀರು ಕುದಿಸಿ, ಪ್ರತಿ ಗ್ಲಾಸನ್ನೂ ಅದರಲ್ಲಿ ಮುಳುಗಿಸಿ ತೆಗೆದರೆ ಕುಡಿಕೆಯ ಗೊಡವೆಯೇ ಬೇಡ ಎಂದರು. ಮೋರಿಯ ಅವಸ್ಥೆ ಕಂಡಿದ್ದ ಡಾಕ್ಟರು ಕೂಡಲೇ ಒಪ್ಪಿದರು. ಗುರಪ್ಪನಿಗೂ ಜಗಳ ಸಾಕಾಗಿತ್ತು. ಹಂಡೆ ತಂದ.

"ಎಲ್ಲಾ ಗ್ಲಾಸ ಈ ಹಂಡೇದಾಗ. ಎಲ್ಲಾ ಅಂದ್ರ ಎಲ್ಲಾರ ಗ್ಲಾಸು. ತಿಳೀತಿಲ್ಲೋ ಅಣ್ಣಾ?" ಎಂದು ಬಾಯಾರು ಕೇಳಿದರು.

ಗುರಪ್ಪ ಒಲೆಯ ಕಡೆ ನೋಡಿದ. "ನೋಡೂಣ್ರಿ ಬಾಯಾರ."

ಅಲ್ಲಿಂದ ಅವರು ನೆಟ್ಟಗೆ ಬಸವ್ವನ ಮನೆಗೆ ಹೋದರು. ನಾನೂ ಜೊತೆಗಿದ್ದೆ. ಒಣಗಲು ಇಟ್ಟ ಕುಡಿಕೆಗಳ ನಡುವೆ ಕೂತು ಹೇಳಿದರು. "ಬಸವ್ವಾ, ನಾ ಮಾಡೂ ಕೆಲಸದಿಂದ ನಿನ್ನ ಹೊಟ್ಟಿಗೆ ಪೆಟ್ಟ ಬೀಳತೈತಿ. ಅದಕ್ಕ ಮೊದಲ ನಿನ್ನ ಕೇಳಾಕ ಬಂದೇನಿ."

ಬಸವ್ವ ತಿಗರಿಯಿಂದ ಕೈ ತೆಗೆಯಲಿಲ್ಲ. ಅದನ್ನು ತಿರುಗಿಸುತ್ತಲೇ ಹೇಳಿದಳು. "ಬಾಯಾರ, ನಾ ಮಾಡಿದ ಕೊಡಾ ಒಬ್ಬಾಕಿ ಮದಿವ್ಯಾಗ ಒಯ್ದಾಕಿ ಮೊಮ್ಮಕ್ಕಳ ಕಾಣೂ ತನಕ ಇಟ್ಟಕೊಂಡಾಳ. ಈ ಕುಡಿಕಿ ಹಂಗಲ್ಲ. ಮುಂಜಾನೆ ಕೊಟ್ಟ ಬರತೇನಿ, ಸಂಜೀಗಿ ಅದ ದಾರಿಲೆ ಬರೂಮುಂದ ನನ್ನ ಕಾಲಾಗ ಚೂರ ಸಿಗತಾವು. ಒಡಿಯಾಕಂತನ ಮಾಡೂದು ಯಾರಿಗೆ ಬೇಕಾಗಿತ್ತು? ಹೊಟ್ಟಿ ಕೇಳಬೇಕಲ್ಲ."

ಬಾಯಾರು ಆಗ ತಮ್ಮ ಯೋಚನೆ ಹೇಳಿದರು. ಮನೆಮನೆಯ ಕುಡಿಯುವ ನೀರಿಗೆ ಮುಚ್ಚಳವಿರುವ ದೊಡ್ಡ ಬಾಯಿಯ ಹರವಿ ಬೇಕು, ಕೈ ಅದ್ದದೆ ನೀರು ತೆಗೆಯಲು ಉದ್ದ ಹಿಡಿಕೆಯ ಸೌಟು ಬೇಕು. ವಾಂತಿಭೇದಿಗೆ ಹೆದರಿದ ಜನ ಕೊಳ್ಳುತ್ತಾರೆ. ಹೇಳಿ ಮಾರಿಸುವ ಕೆಲಸ ನಮ್ಮದು. ಅಂದಿನಿಂದ ಯಾವ ಮನೆಗೆ ಸೂಜಿ ಚುಚ್ಚಲು ಹೋದರೂ ದೊಡ್ಡ ಬಾಯಾರು ಮೊದಲು ನೀರಿನ ಮೂಲೆಗೆ ಹೋಗಿ ಬಾಯಿ ತೆರೆದ ಕೊಡ ಕಂಡು ಕೂಗಾಡುವರು, ಕೊನೆಗೆ ಬಸವ್ವನ ಮನೆಯ ದಾರಿ ತೋರಿಸುವರು. ಹರವಿಗಳು ಅತ್ತ ಸಾಲಹಳ್ಳಿಯ ಬಸ್ಸಿನ ಮೇಲೂ ಹೋಗತೊಡಗಿದವು.

ರೋಗ ಇಳಿದ ಮೇಲೆ ಮೋರಿ ಬಿಡಿಸುವ ಕೆಲಸ ಬಂತು. ದುರ್ಗಪ್ಪನ ಗ್ಯಾಂಗಿನವರು, ಎತ್ತಿನ ಗೊರಸಿನ ಸಿಟ್ಟಿದ್ದ ರೈತರು, ಗುರಪ್ಪ, ನಾವು, ಎಲ್ಲರೂ ಗುದ್ದಲಿ ಬುಟ್ಟಿ ಹಿಡಿದೆವು. ಚೂರುಗಳ ದಿಬ್ಬವನ್ನು ಅಗೆದು ರಸ್ತೆಯ ಆಳದ ತಗ್ಗುಗಳಿಗೆ ತುಂಬಿ ಮೇಲೆ ಗರಸು ಬಡಿದರು. ಮೋರಿಯಲ್ಲಿ ನೀರು ಭೋರೆಂದು ಹರಿದಾಗ ಎಲ್ಲರೂ ಕೂಗಿದರು. ಯಾರ ಮುಖ ಯಾರದೆಂದು ಗುರುತು ಹತ್ತದಷ್ಟು ಕೆಸರು. ಗುರಪ್ಪ ಖುಷಿಯಿಂದ, "ಎಲ್ಲಾರಿಗೂ ನನ್ನ ಕಡಿಂದ ಚಾ" ಎಂದ.

ಚಾ ಬಂತು. ಬಾಕಿನ ಕಡೆಗೆ ಹಂಡೆಯಲ್ಲಿ ಅದ್ದಿ ತೆಗೆದ ಗ್ಲಾಸುಗಳಲ್ಲಿ. ಬೇವಿನ ಮರದ ಕಡೆಗೆ, ಉಳಿದಿದ್ದ ಕುಡಿಕೆಗಳಲ್ಲಿ.

ದುರ್ಗಪ್ಪ ತನ್ನ ಕುಡಿಕೆಯನ್ನು ನೋಡಿದ. ಈಗಷ್ಟೇ ಅಗೆದ ನೆಲವನ್ನು ನೋಡಿದ. ದೊಡ್ಡ ಬಾಯಾರು ಅಂದು ಚೀಲದಿಂದ ಸ್ಟೀಲ್ ಗ್ಲಾಸು ತೆಗೆಯಲಿಲ್ಲ. ಹೋಗಿ ಬಾಕಿನ ಮೇಲೆ ಕೂತರು.

"ಗುರಪ್ಪಣ್ಣಾ, ನನಗೂ ಗ್ಲಾಸಿನ್ಯಾಗ ಕೊಡ್ರಿ. ಅವರಿಗೂ."

ಬಾಕಿನ ಮೇಲಿದ್ದ ಒಬ್ಬ ರೈತ ಎದ್ದು ಟವೆಲು ಜಾಡಿಸಿ ಹೊರಟುಹೋದ. ಗುರಪ್ಪನ ಮುಖ ಇಳಿಯಿತು. "ನೋಡಿದ್ರೇನ್ರಿ? ಹಿಂಗ ಗಿರಾಕಿ ಎದ್ದ ಹೋದ್ರ ನಾ ಒಲಿ ಹೆಂಗ ಹಚ್ಚಲಿ? ನಂದೇನೂ ಇಲ್ರೀ ಬಾಯಾರ, ಮಂದಿ ಕೇಳೂದಿಲ್ಲ."

"ನಿಮ್ಮನ್ನ ಬೈಯಾಕ ಬಂದಿಲ್ಲ ನಾ. ಇವತ್ತ ಆಗಂಗಿಲ್ಲಂದ್ರ ನಾಳೆ ಬರತೇನಿ" ಎಂದು ಎದ್ದರು. ದುರ್ಗಪ್ಪ ತುಂಬಿದ ಕುಡಿಕೆಯನ್ನು ಬೇವಿನ ಬುಡದಲ್ಲಿ ಮೆಲ್ಲಗೆ ಇಟ್ಟ. ಉಳಿದವರೂ ಇಟ್ಟರು. ಯಾರೂ ಎಸೆಯಲಿಲ್ಲ. ಚಾ ಅಲ್ಲೇ ಆರಿತು.

ಅವರು ಮರುದಿನ ಹೋದರು, ಕೂತು ಕೇಳಿದರು, ಇಲ್ಲವೆಂದಾಗ ಎದ್ದು ಬಂದರು. ಮೂರನೆಯ ದಿನವೂ ಹಾಗೆಯೇ. ಆಮೇಲೆ ಕೆಲಸಕ್ಕೆ ಹೋಗುವ ಮುನ್ನ ದಿನವೂ. ಕೇರಿಯವರೂ ಬಂದು, "ಗ್ಲಾಸ ಐತೇನ್ರಿ?" ಎಂದು ಕೇಳುವರು, ಇಲ್ಲವೆಂದರೆ ನಮಸ್ಕಾರ ಮಾಡಿ ಹೋಗುವರು. ಜಗಳವಿಲ್ಲ, ಕೂಗಿಲ್ಲ. ಆ ಗಂಟಲಿನ ಹೆಂಗಸು ಅಷ್ಟು ಮೆತ್ತಗೆ ಕೇಳುವುದನ್ನು ನೋಡಿ ನನಗೇ ಸಿಟ್ಟು ಬರುತ್ತಿತ್ತು. ಒಂದು ದಿನ ನಾನೂ ನನ್ನ ಗ್ಲಾಸನ್ನು ಕೆಳಗಿಟ್ಟು, "ಅವರಿಗೆ ಕೊಟ್ಟ ಮ್ಯಾಲ ನನಗ ಕೊಡ್ರಿ" ಎಂದೆ. ಅಲ್ಲಿಂದ ನಮ್ಮಿಬ್ಬರಿಗೂ ಮನೆಯಲ್ಲಿ ನಾನು ಮಾಡುವ ನೀರು ಚಾವೇ ಗತಿಯಾಯಿತು. ದಾರಿಯಲ್ಲಿ ಅವರು ಒಮ್ಮೆ ಮಾತ್ರ ಸೋತ ದನಿಯಲ್ಲಿ, "ಕೊಡದ ಇದ್ರ ಏನ ಮಾಡೂದ?" ಎಂದು ಕೇಳಿದ್ದರು.

ಉತ್ತರ ಬಸವ್ವನಲ್ಲಿತ್ತು. ಗುರಪ್ಪನ ಕುಡಿಕೆಗಳು ತೀರುತ್ತ ಬಂದಿದ್ದವು. ಅವನು ಹೊಸದಕ್ಕೆ ಹೇಳಿಕಳಿಸಿದಾಗ ಅವಳು ಬರಿಗೈಲಿ ಹೋಟೆಲಿಗೆ ಬಂದಳು. ನಾವೂ ಅಲ್ಲೇ ಇದ್ದೆವು. "ಇನ್ನ ನಾ ಕುಡಿಕಿ ಮಾಡಂಗಿಲ್ಲ ಗುರಪ್ಪ. ಹರವಿ ಮಾಡೂದ್ರಾಗ ಕೈ ಬಿಡುವಿಲ್ಲ" ಎಂದವಳೇ ದೊಡ್ಡ ಬಾಯಾರ ಪಕ್ಕದಲ್ಲಿ, ತೊಡೆಗೆ ತೊಡೆ ತಾಗುವ ಹಾಗೆ ಕೂತಳು. "ನಮ್ಮಿಬ್ಬರಿಗೂ ಚಾ ಕೊಡು."

ಬಸವ್ವ ಊರೊಳಗಿನವಳು, ಅವನ ತಾಯಿಯ ವಯಸ್ಸಿನವಳು. ಗುರಪ್ಪ ಬಾಕಿನ ಮೇಲಿದ್ದವರ ಮುಖ ಒಂದೊಂದಾಗಿ ನೋಡಿದ. ಕೆಲವರು ತಲೆ ತಗ್ಗಿಸಿದರು. ಒಬ್ಬ ಮಾತ್ರ, ಮೋರಿಯಲ್ಲಿ ದುರ್ಗಪ್ಪನ ಜೊತೆ ಗುದ್ದಲಿ ಹಿಡಿದಿದ್ದವನು, "ಕೊಟ್ಟಬಿಡು ಮಾರಾಯಾ, ಕುದಿಯೂ ನೀರಾಗ ಅದ್ದಿದ ಮ್ಯಾಲ ಇನ್ನೇನ ಉಳೀತು?" ಎಂದ.

ಗುರಪ್ಪ ಹಂಡೆಯಿಂದ ಗ್ಲಾಸು ತೆಗೆದು ಚಾ ತುಂಬಿಸಿದ. ತಂದು ಬಾಯಾರ ಪಕ್ಕದಲ್ಲಿ ಬಾಕಿನ ಮೇಲೆ ಇಡಲು ಬಗ್ಗಿದ.

"ಕೈಯಾಗ ಕೊಡ್ರಿ ಅಣ್ಣಾ" ಎಂದರು ಬಾಯಾರು.

ಅವನು ಒಂದು ಗಳಿಗೆ ಹಾಗೇ ಬಗ್ಗಿ ನಿಂತಿದ್ದ. ಆಮೇಲೆ ಕೈಯಲ್ಲಿ ಕೊಟ್ಟ. ಬೆರಳಿಗೆ ಬೆರಳು ತಾಗಿತು. ಬಾಯಾರು ಗ್ಲಾಸು ಹಿಡಿದುಕೊಂಡೇ ಹೊರಗೆ ನೋಡಿ, ತಮ್ಮ ನಿಜವಾದ ಗಂಟಲು ತೆಗೆದು, "ದುರ್ಗಪ್ಪಾ, ಬಾ ಇಲ್ಲಿ, ಕುಂದರು" ಎಂದು ಕೂಗಿದರು.

ಎಲ್ಲವೂ ಅಂದೇ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಒಂದಿಬ್ಬರು ಗಿರಾಕಿಗಳು ಆ ಹೋಟೆಲಿನ ಮೆಟ್ಟಿಲು ಮತ್ತೆ ಹತ್ತಲಿಲ್ಲ. ಟವೆಲು ಜಾಡಿಸಿ ಹೋದ ರೈತ ಬರುವುದಕ್ಕೆ ಸುಗ್ಗಿ ಮುಗಿಯಬೇಕಾಯಿತು, ಬಂದವನೂ ಮೂಲೆ ಹುಡುಕಿ ಕೂತ. ದುರ್ಗಪ್ಪನಿಗೇ ಬಾಕಿನ ಮೇಲೆ ಬೆನ್ನು ಒರಗಿಸಿ ಕೂರಲು ಬಹಳ ದಿನ ಹಿಡಿಯಿತು. ಊರಿನ ಬಾವಿ, ಗುಡಿಗಳ ಮಾತು ಬೇರೆ. ಅವು ಇನ್ನೂ ಮುಂದಿನ ಜಗಳಗಳು. ಆದರೆ ಆ ರಸ್ತೆಯಲ್ಲಿ ಕುಡಿಕೆಯ ಚೂರು ಮತ್ತೆ ಬೀಳಲಿಲ್ಲ. ದುರ್ಗಪ್ಪನ ಹೆಂಡತಿ ತುಸು ಕುಂಟುತ್ತಲಾದರೂ ಅದೇ ದಾರಿಯಲ್ಲಿ ಬರಿಗಾಲಿನಲ್ಲಿ ಹೆದರಿಕೆಯಿಲ್ಲದೆ ಓಡಾಡಿದಳು. ಪಕ್ಕದೂರುಗಳ ಹೋಟೆಲಿನವರು ಹಂಡೆ ನೋಡಲು ಬಂದರು. ಗುರಪ್ಪ ಅದನ್ನು ತನ್ನದೇ ಯೋಚನೆಯೆಂದು ಹೇಳಿಕೊಳ್ಳುತ್ತಿದ್ದ. ದೊಡ್ಡ ಬಾಯಾರು ಅದನ್ನು ಒಮ್ಮೆಯೂ ತಿದ್ದಲಿಲ್ಲ. "ಅಂವಂದ ಅಂತ ಅಂವಗ ಅನಿಸಿದ್ರ ಗಟ್ಟಿ ಹಿಡೀತಾನ" ಎನ್ನುತ್ತಿದ್ದರು. ಕೆಲವು ವರ್ಷಗಳ ಮೇಲೆ ಅವರಿಗೆ ಕಿತ್ತೂರಿನ ಕಡೆಗೆ ವರ್ಗವಾಯಿತು. ಅಲ್ಲಿಯೂ ಯಾರ ಜೊತೆಗೋ, ಯಾವುದೋ ಗಟಾರದ ಬಗ್ಗೆ ಜಗಳ ತೆಗೆದ ಸುದ್ದಿ ನನಗೆ ಬೇಗನೆ ಮುಟ್ಟಿತು.

ಆ ಮೊದಲ ಗ್ಲಾಸಿನ ದಿನದ ಒಂದು ಮಾತು ಉಳಿದಿದೆ. ಸಂಜೆ ಇಬ್ಬರೂ ಮನೆಗೆ ಬರುತ್ತಿದ್ದೆವು. ಅವರು ಎಂದಿನಂತೆ ಬೀಸಾಗಿ ನಡೆಯದೆ ನಿಧಾನವಾಗಿ ಹೆಜ್ಜೆ ಹಾಕುತ್ತಿದ್ದರು. ಏನಾದರೂ ದೊಡ್ಡ ಮಾತು ಆಡುತ್ತಾರೆಂದು ನಾನು ಕಾದೆ. ಕೊನೆಗೆ ತಡೆಯಲಾರದೆ ನಾನೇ ಕೇಳಿದೆ.

"ಚಾ ಹೆಂಗಿತ್ರಿ ಬಾಯಾರ?"

ಅವರು ಸ್ವಲ್ಪ ಯೋಚಿಸಿದರು.

"ಸಕ್ರಿ ಭಾಳ ಆಗಿತ್ತವಾ" ಎಂದರು. "ನಾಳೆ ಹೇಳಬೇಕು ಅಂವಗ."